ಕಂಪ್ಯೂಟರಿಗೆ ನಾನು ಮಾಡಿದ ಚಿಕಿತ್ಸೆ

ನಾನಿರುವಾಗ ನಮ್ಮ ಮನೆಯ ಕಂಪ್ಯೂಟರನ್ನು ಹೊರಗಿನವರು ಮುಟ್ಟಕೂಡದು! ವಿಜಯದಶಮಿಯ ಮಧ್ಯಾಹ್ನ, ಹೋಳಿಗೆ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹಾಗಂತ ಘೋಷಿಸಿಬಿಟ್ಟೆ. ಹಿಂದೊಮ್ಮೆ ಮಿಕ್ಸಿ ರಿಪೇರಿ ಮಾಡಿದವನು ನಾನು. ಆಮೇಲೆ ಅದು ತಿರುಗಲಿಲ್ಲ, ಆ ಮಾತು ಬೇರೆ.

ಸಂದರ್ಭ ಗಂಭೀರವಾಗಿತ್ತು. ನನ್ನ ಹೆಂಡತಿ ಮಾಧವಿ ಕಸೂತಿಯಲ್ಲಿ ಎತ್ತಿದ ಕೈ. ದಿನ ಒಳ್ಳೆಯದೆಂದು ಅವತ್ತೇ ನಾಲ್ಕು ಗಂಟೆಗೆ ಆನ್‌ಲೈನ್ ಪಾಠ ಶುರು ಮಾಡುವವಳಿದ್ದಳು. ಹನ್ನೊಂದು ಜನ ಹೆಸರು ಕೊಟ್ಟಿದ್ದರು. ಇಪ್ಪತ್ತು ವರ್ಷ ನನ್ನ ಊಟದ ಡಬ್ಬಿ ಕಟ್ಟಿದವಳು ತನ್ನದೇ ಅಂತ ಹಚ್ಚಿಕೊಂಡ ಮೊದಲ ಕೆಲಸ ಅದು. ಮೂರು ಗಂಟೆಗೆ ಕಂಪ್ಯೂಟರ್ ಹಾಕಿದರೆ, ಪರದೆ ತುಂಬ ನೀಲಿ! ಮೇಲೆ ಬಿಳಿ ಅಕ್ಷರದಲ್ಲಿ ಏನೇನೋ ಪಟ್ಟಿ. ಆರಿಸಿ ಮತ್ತೆ ಹಾಕಿದೆ. ಮತ್ತೆ ನೀಲಿ!

"ಕಲಾಸಿಪಾಳ್ಯದ ಚಿದಂಬರಂಗೆ ಫೋನ್ ಮಾಡ್ತೀನಿ ರೀ. ರಿಪೇರಿ ಅವನ ಕಸುಬು."

"ನಾನು ಬದುಕಿರೋವಾಗ್ಲಾ?"

"ಮೊದಲನೇ ದಿನಾನೇ ಮುಖಭಂಗ ಆದ್ರೆ ನನ್ ಕೈಲಿ ತಡ್ಕೊಳ್ಳಕ್ಕಾಗಲ್ಲ, ಹೇಳಿರ್ತೀನಿ."

"ಮೂರೂವರೆಗೆ ರೆಡಿ! ನೀನು ಸೂಜಿಗೆ ದಾರ ಪೋಣಿಸ್ಕೋ ಹೋಗು."

ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಒಳಗಿದ್ದ ಧೂಳಿಗೆ ಏಳು ಸಲ ಸೀನಿದೆ. ರ್‍ಯಾಮ್ ಎಂಬ ಹಸಿರು ಪಟ್ಟಿ ಕಿತ್ತು, ರಬ್ಬರಿನಲ್ಲಿ ಉಜ್ಜಿ, ಮತ್ತೆ ಸಿಕ್ಕಿಸಿದೆ. ಎಲ್ಲ ಮುಚ್ಚಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಅದನ್ನು ಮೆಲ್ಲಗೆ ಜೇಬಿಗಿಳಿಸಿ ಗುಂಡಿ ಒತ್ತಿದೆ. ನೀಲಿ!

ಕಿಟಕಿಯಿಂದ ಲಾಲ್‌ಬಾಗಿನ ಗಾಳಿ, ಹೊಟ್ಟೆಯಲ್ಲಿ ಮೂರು ಹೋಳಿಗೆ, ಕಣ್ಣೆದುರು ಅಷ್ಟಗಲ ನೀಲಿ. ಎಷ್ಟು ಚೆಂದದ ನೀಲಿ! ನೋಡುತ್ತ ನೋಡುತ್ತ ಬಿಳಿ ಅಕ್ಷರಗಳೆಲ್ಲ ಕೊಕ್ಕರೆಗಳಾಗಿ ಸಾಲುಗಟ್ಟಿ ಹಾರಿಹೋದವು. ಅವುಗಳ ಹಿಂದೆ ನಾನೂ ಕುರ್ಚಿಸಮೇತ ಮೇಲೆದ್ದೆ. ಕೆಳಗೆ ಲಾಲ್‌ಬಾಗಿನ ಕೆರೆ, ಮಾವಳ್ಳಿಯ ತಾರಸಿಗಳು, ಒಣಹಾಕಿದ ನನ್ನದೇ ಲುಂಗಿ. ಮೋಡದ ಮೇಲೆ ವೇದಿಕೆ! ನನಗೆ ಮೈಸೂರು ಪೇಟ, ಶಾಲು! ಲೋಕದ ಕೆಟ್ಟ ಕಂಪ್ಯೂಟರುಗಳೆಲ್ಲ ಸಾಲಾಗಿ ನಿಂತು ನನ್ನನ್ನೇ ನೋಡಿ ಮಿಣುಕುತ್ತಿದ್ದವು. ಮಾಧವಿ ನಗುನಗುತ್ತ ನನ್ನ ಮೇಲೆ ಅಕ್ಷತೆ ಹಾಕಿದಳು. ಹಣೆಗೆ ಬಿತ್ತು, ಮೂಗಿಗೆ ಬಿತ್ತು, ಬಾಯೊಳಗೂ ಬಿತ್ತು. ಅಗಿದೆ. ಕಟುಂ ಎಂದಿತು!

ಕಣ್ಣು ಬಿಟ್ಟೆ. ಮಾಧವಿ ಕೀಬೋರ್ಡನ್ನು ನನ್ನ ತಲೆಯ ಮೇಲೆ ಬೋರಲು ಹಿಡಿದು ತಟ್ಟುತ್ತಿದ್ದಳು. ಉದುರುತ್ತಿದ್ದದ್ದು ನಿಜವಾದ ಅಕ್ಷತೆ!

"ಚಿದಂಬರ ಫೋನಲ್ಲೇ ಹೇಳ್ದ. ಡಿಲೀಟ್ ಕೀ ಸಂದೀಲಿ ಏನೋ ಸಿಕ್ಕೊಂಡು ಒತ್ಕೊಂಡೇ ಇದೆ, ಅದಕ್ಕೇ ನೀಲಿ ಬರ್ತಿದೆ ಅಂತ. ನಿನ್ನೆ ಆಯುಧಪೂಜೇಲಿ ಮುಷ್ಟಿಮುಷ್ಟಿ ಎರಚಿದ್ದು ಯಾರು?"

ಎರಚಿದ್ದು ನಾನೇ. ಗಡಿಯಾರ ನೋಡಿದೆ. ಐದು ದಾಟಿತ್ತು!

"ಅಯ್ಯೋ! ನಿನ್ನ ಕ್ಲಾಸು?"

"ಇಲ್ಲೇ ಕೂತು ಮೊಬೈಲಲ್ಲಿ ಮಾಡ್ದೆ. ಈಗ ಮುಗೀತು. ಎಲ್ರೂ ತುಂಬಾ ಮೆಚ್ಕೊಂಡ್ರು."

ಹೋದ ಜೀವ ಬಂದ ಹಾಗಾಯಿತು. ನಾಚಿಕೆಯೂ ಆಯಿತು. "ಏನಂದ್ರು?" ಎಂದೆ ಮೆತ್ತಗೆ.

"ಪಾಠಕ್ಕಿಂತ ಗೊಂಬೆ ಜಾಸ್ತಿ ಇಷ್ಟ ಆಯ್ತಂತೆ. 'ನಿಮ್ ಹಿಂದೆ ಕೂರಿಸಿರೋ ದಸರಾ ಗೊಂಬೆ ಎಷ್ಟು ಚೆನ್ನಾಗಿದೆ! ಬಾಯಿ ಬಿಟ್ಕೊಂಡು ಹೇಗೆ ತಲೆ ಆಡಿಸುತ್ತೆ! ಎಲ್ಲಿ ಸಿಕ್ತು?' ಅಂತ ಗಂಗರತ್ನಮ್ಮ ಕೇಳಿದ್ರು."

"ಈ ಸಲ ನಾವು ಗೊಂಬೆ ಕೂರಿಸೇ ಇಲ್ವಲ್ಲ! ನೀನೇನಂದೆ?"

ಮಾಧವಿ ನನ್ನ ಮೂಗಿನ ಮೇಲಿದ್ದ ಅಕ್ಷತೆಕಾಳನ್ನು ತೆಗೆದಳು.

"ನಮ್ಮಪ್ಪ ಮದುವೇಲಿ ಕೊಡಿಸಿದ್ದು ಅಂದೆ."