ಇನ್‌ಸ್ಪೆಕ್ಟ್ರಮ್ಮನ ಸರ್ಕೀಟು

ನಗಬಾರದ ಕಡೆಯಲ್ಲೇ ನಗು ಉಕ್ಕಿ ಬರುವುದು. ಶಾಲೆ ತನಿಖೆಗೆ ಹೋದವರಿಗಂತೂ ಅದು ತಪ್ಪಿದ್ದಲ್ಲ. ಐವತ್ತರ ದಶಕದ ಕೊನೆಗೆ ನಾನು ಮಧುಗಿರಿಗೆ ಸ್ಕೂಲ್ ಇನ್‌ಸ್ಪೆಕ್ಟರಾಗಿ ಬಂದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸುತ್ತಬೇಕು. ಊರೂರಿಗೂ ಸ್ಕೂಲು ಆಗುತ್ತಿದ್ದ ಕಾಲ ಅದು. ಗುಡಿಯ ಹಜಾರ, ಚಾವಡಿ, ಯಾರದೋ ಕೊಟ್ಟಿಗೆ, ಹುಣಸೆಮರದ ನೆರಳು, ಎಲ್ಲಿ ಕರಿಹಲಗೆ ಒರಗಿಸಲು ಜಾಗವಿತ್ತೋ ಅಲ್ಲೆಲ್ಲ ಸ್ಕೂಲು. ಬಸ್ಸು ಹೋಗುವಷ್ಟು ದೂರ ಬಸ್ಸು, ಆಮೇಲೆ ಎತ್ತಿನಗಾಡಿ, ಅದೂ ನಿಂತಲ್ಲಿಂದ ಕಾಲ್ನಡಿಗೆ.

ಬ್ಯಾಗು ಹಿಡಿದು ಊರಿಗೆ ಬರುವ ಹೆಂಗಸೆಂದರೆ ಸಿಡುಬಿನ ದಾಕು ಚುಚ್ಚುವವಳು ಎಂದೇ ಮಕ್ಕಳ ಲೆಕ್ಕ. ನನ್ನನ್ನು ಕಂಡರೆ ತೋಳು ಮುಚ್ಚಿಕೊಂಡು ಹೊಲದ ಕಡೆ ಓಡುತ್ತಿದ್ದವು. ಹಾಜರಿ ನೋಡಲು ಹೋದವಳೇ ಹಾಜರಿ ಇಳಿಸಿ ಬರುತ್ತಿದ್ದೆ.

ಎರವಲು

ಕೊರಟಗೆರೆ ಕಡೆ ಎರಡು ಊರಿಗೆ ಸೇರಿ ಒಂದೇ ಸ್ಕೂಲು ಯಾಕಿದೆ ಎಂದು ಬಹಳ ಜನ ಕೇಳುತ್ತಿದ್ದರು. ಕಾರಣ ಇದು.

ಮೊದಲ ಊರಿನವರು ತಮಗೊಂದು ಸ್ಕೂಲು ಬೇಕೆಂದು ಕೇಳಿಕೊಂಡಿದ್ದರು. ಸಾಕಷ್ಟು ಮಕ್ಕಳಿದ್ದರೆ ಮಾತ್ರ ಮಂಜೂರು. ನೋಡಲು ಹೋದೆ. ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆಸಿ, ಚಾವಡಿ ತುಂಬ ಮಕ್ಕಳನ್ನು ಕೂರಿಸಿದ್ದರು. ಸಂತೋಷವಾಯಿತು. ಮುಂದಿನ ವಾರ ಪಕ್ಕದ ಊರಿನ ಸರದಿ. ಅಲ್ಲೂ ಚಾವಡಿ ತುಂಬ ಮಕ್ಕಳು. ಮುಂದಿನ ಸಾಲಿನಲ್ಲಿದ್ದ ಹಲ್ಲುಬಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿ ಹಳೆಯ ಪರಿಚಯದ ನಗೆ ನಕ್ಕಳು.

“ಹೋದ ವಾರ ನೀನು ಆ ಊರಲ್ಲಿದ್ದೆಯಲ್ಲವೇನೇ?”

“ಹೂಂ ಕಣಮ್ಮ. ಅವತ್ತು ನಾವು ಹೋಗಿದ್ವಿ. ಇವತ್ತು ಅವರು ಬಂದವ್ರೆ,” ಎಂದು ಹಿಂದಿನ ಸಾಲುಗಳ ಕಡೆ ಕೈ ತೋರಿಸಿದಳು.

ಪಕ್ಕದಲ್ಲೇ ನಿಂತಿದ್ದ ಊರ ಪಟೇಲರ ಮುಖ ನೋಡಿದೆ. ಅವರು ಒಂದಿಷ್ಟೂ ಅಳುಕಲಿಲ್ಲ. “ಮದುವೆಗೆ ಪಾತ್ರೆ ಎರವಲು ತರಾಕಿಲ್ವೇ ಅಮ್ಮಾವ್ರೆ, ಅಂಗೇಯ ಇದೂನೂವೆ. ಸಂಜೆ ಹೊತ್ಗೆ ಒಂದೂ ಮುಕ್ಕಾಗ್ದಂಗೆ ವಾಪಸ್ ಕಳಿಸ್ತೀವಿ.”

ಕಾವಲು

ಸಿರಾದಲ್ಲಿ ಅತ್ತರಿನ ವ್ಯಾಪಾರಿಯೊಬ್ಬರು ತಮ್ಮ ಮನೆಯ ಹಜಾರವನ್ನೇ ಬಿಟ್ಟುಕೊಟ್ಟಿದ್ದರಿಂದ ಹೆಣ್ಣುಮಕ್ಕಳ ಉರ್ದು ಸ್ಕೂಲು ಶುರುವಾಗಿತ್ತು. ಪಾಠ ಹೇಳುವವಳು ಚಿಕ್ಕ ಪ್ರಾಯದ ಹುಡುಗಿ. ಮಕ್ಕಳು ಅವಳನ್ನು ಉಸ್ತಾನಿ ಎನ್ನುತ್ತಿದ್ದರು. ಹಿಂದಿನ ಗೋಡೆಗೆ ಒರಗಿ ಒಬ್ಬ ಅಜ್ಜಿ ಎಲೆಅಡಿಕೆ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮೊಮ್ಮಗಳನ್ನು ಒಂಟಿಯಾಗಿ ಕಳಿಸಲು ಧೈರ್ಯ ಸಾಲದೆ ದಿನವೂ ಕಾವಲಿಗೆ ಬರುತ್ತಾರೆ ಎಂದಳು ಉಸ್ತಾನಿ.

ಮೊಮ್ಮಗಳನ್ನು ಎಬ್ಬಿಸಿ, ಏಳೆಂಟಲ ಎಷ್ಟು ಎಂದೆ. ಹಿಂದಿನಿಂದ “ಛಪ್ಪನ್” ಎಂದು ಉತ್ತರ ಬಂತು.

“ಅಜ್ಜಿ, ನೀವು ಹೇಳಬಾರದು.”

“ಅವಳು ಹೇಳಲ್ಲ, ನಾನು ಹೇಳಬಾರದು. ಹಂಗಾದ್ರೆ ಲೆಕ್ಕದ ಗತಿ ಏನು ಬೇಟಿ?”

ಕೆಲವು ವರ್ಷ ಕಳೆದು ಮತ್ತೆ ಹೋದೆ. ಮೊಮ್ಮಗಳು ಮಿಡ್ಲ್ ಸ್ಕೂಲು ಸೇರಿಯಾಗಿತ್ತು. ಅಜ್ಜಿ ಮಾತ್ರ ಅದೇ ಗೋಡೆಗೆ ಒರಗಿದ್ದರು. ಮಡಿಲಲ್ಲಿ ಡಬ್ಬಿಯ ಬದಲು ಸ್ಲೇಟು.

“ಇನ್ನು ಯಾರಿಗೆ ಅಜ್ಜಿ ಕಾವಲು?”

ಅಜ್ಜಿ ಸ್ಲೇಟನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿಕೊಂಡರು. “ಉಸ್ತಾನಿಗೆ. ಅವಳೂ ವಯಸ್ಸಿನ ಹುಡುಗಿ ಅಲ್ವಾ ಬೇಟಿ?”

ಕನ್ನಡವೇ

ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರೊಂದರಲ್ಲಿ ಮೇಷ್ಟ್ರು ಎಲ್ಲ ಪಾಠವನ್ನೂ ತೆಲುಗಿನಲ್ಲೇ ಮಾಡುತ್ತಾರೆಂದು ದೂರು ಬಂದಿತ್ತು. ನಿಜವಾದರೆ ಅವರಿಗೆ ವರ್ಗ ಖಂಡಿತ. ಹೆಂಡತಿಯ ತವರು ಅದೇ ಊರು. ಪಾಪ, ಹೆದರಿ ವೈ.ಎನ್.ಹೊಸಕೋಟೆಯಲ್ಲಿ ಬಸ್ಸಿಳಿಯುವ ಜಾಗಕ್ಕೇ ಬಂದು ಕಾದಿದ್ದರು. ಕಡಲೆಕಾಯಿ ಹೊಲಗಳ ನಡುವೆ ನಡೆಯುವಾಗ ದಾರಿಯುದ್ದಕ್ಕೂ ಒಂದೇ ಮಾತು: “ಯಾರೋ ಆಗದವರು ಹಬ್ಬಿಸಿದ್ದು ಮೇಡಂ. ನಮ್ಮ ಸ್ಕೂಲಲ್ಲಿ ಕನ್ನಡ ಬಿಟ್ಟು ಬೇರೆ ಸೊಲ್ಲಿಲ್ಲ.”

ಗೋಡೆಯ ಮೇಲಿದ್ದ ಬೆಕ್ಕಿನ ಚಿತ್ರ ತೋರಿಸಿ ಇದೇನು ಎಂದೆ. “ಪಿಲ್ಲಿ” ಎಂದಿತು ಇಡೀ ಸ್ಕೂಲು. ಮೇಷ್ಟ್ರು ಹಣೆ ಒರೆಸಿಕೊಂಡರು. ಪುಸ್ತಕ ಕೊಟ್ಟು ಓದಿಸಿದೆ. ಮಕ್ಕಳು ಕನ್ನಡವನ್ನು ತಡವರಿಸದೆ ಓದಿದರು. ಉಕ್ತಲೇಖನ ಕೊಟ್ಟೆ, ಚೆನ್ನಾಗಿಯೇ ಬರೆದರು. ದೂರಿನಲ್ಲಿ ಹುರುಳಿಲ್ಲ ಎಂದುಕೊಂಡು, ಏಳುವ ಮುಂಚೆ ಕೇಳಿದೆ: “ಮಕ್ಕಳೇ, ಸ್ಕೂಲಲ್ಲಿ ಯಾವ ಭಾಷೆ ಮಾತಾಡ್ತೀರಿ?”

ಎಲ್ಲರೂ ಎದ್ದು ನಿಂತು, ಕೈಕಟ್ಟಿ, ಒಂದೇ ರಾಗದಲ್ಲಿ ಹೇಳಿದರು: “ಕನ್ನಡಮೇ ಮಾಟ್ಲಾಡ್ತಾಮು ಮೇಡಂ.”

ಮೇಷ್ಟ್ರ ಮುಖ ಅರಳಿತು. ಹೆಮ್ಮೆಯಿಂದ ನನ್ನ ಕಡೆ ತಿರುಗಿ ಕೇಳಿದರು: “ಚೂಸಿದ್ರಾ ಮೇಡಂ?”

ಸಾಹೇಬರ ಭಾಷಣ

ಮಧುಗಿರಿ ಬೆಟ್ಟದ ಹಿಂಬದಿಯ ಹಳ್ಳಿಯವರು ತಾವೇ ಕಲ್ಲು ಹೊತ್ತು, ಮಣ್ಣು ಕಲಸಿ ಸ್ಕೂಲು ಕಟ್ಟಿಕೊಂಡಿದ್ದರು. ಒಂದು ಕೋಣೆ, ಅದಕ್ಕೊಂದು ಬಾಗಿಲು. ಇದ್ದೊಬ್ಬ ಮೇಷ್ಟ್ರು ಎಲ್ಲ ಕ್ಲಾಸುಗಳ ಜೊತೆಗೂ ಏಗಲಾರದೆ ಸೋತಿದ್ದರು. ಎರಡನೇ ಮೇಷ್ಟ್ರನ್ನು ಕೊಡುವ ಅಧಿಕಾರ ತುಮಕೂರಿನಲ್ಲಿದ್ದ ನಮ್ಮ ಇಲಾಖೆಯ ಸಾಹೇಬರದು. ಅದಕ್ಕೇ ಆರಂಭೋತ್ಸವಕ್ಕೆ ಅವರನ್ನೇ ಕರೆಸಿದ್ದರು.

ಸಾಹೇಬರು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಜೊತೆಗೆ ಒಂದು ದಪ್ಪ ಭಾಷಣ ಬರೆದು ತಂದಿದ್ದರು. ಬಿಸಿಲಲ್ಲಿ ಕೂತ ಜನ ಆ ಕಾಗದದ ಕಟ್ಟನ್ನೇ ಭಯದಿಂದ ನೋಡುತ್ತಿದ್ದರು. ಮೇಷ್ಟ್ರು ಅದನ್ನು ಭಕ್ತಿಯಿಂದ ಈಸಿಕೊಂಡು, ಒಳಗೆ ಮೇಜಿನ ಮೇಲೆ ಬಾಳೆಹಣ್ಣು, ಹಾರಗಳ ಪಕ್ಕ ಇಟ್ಟರು.

ಹೊಸ ಕಟ್ಟಡಕ್ಕೆ ಮೊದಲು ಹಸು ಕಾಲಿಡಬೇಕು ಎಂದರು ಊರ ಗೌಡರು. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಹಸು ಮುಂದೆ, ಸಾಹೇಬರು ಹಿಂದೆ, ಅವರ ಹಿಂದೆ ನಾನು. ಹಸು ನೆಟ್ಟಗೆ ಮೇಜಿನ ಬಳಿಗೇ ಹೋಯಿತು. ಬಾಳೆಹಣ್ಣು ಮುಗಿಸಿತು, ಹಾರ ಮುಗಿಸಿತು, ಆಮೇಲೆ ಭಾಷಣಕ್ಕೆ ಬಾಯಿ ಹಾಕಿತು. ಸಾಹೇಬರು ಒಂದು ತುದಿ ಹಿಡಿದು ಎಳೆದರು. ಹಸು ಕೊಂಬು ಆಡಿಸಿತು. ಸಾಹೇಬರು ಬೂಟುಗಾಲಲ್ಲೇ ಮೇಜು ಹತ್ತಿ ನಿಂತರು. ಕಾಗದ ನಿಧಾನವಾಗಿ ಒಳಗೆ ಇಳಿಯಿತು. ಗೌಡರು ಎಷ್ಟು ಗದರಿದರೂ ಹಸು ಜಗ್ಗಲಿಲ್ಲ.

“ಒಳ್ಳೆ ಶಕುನ ಬುಡಿ ಸ್ವಾಮಿ,” ಎಂದು ಗೌಡರು ಮೇಲೆ ನೋಡಿದರು. “ನಮ್ಮೂರ ಐಕ್ಳನ್ನ ಒಳೀಕ್ ಎಳ್ಕಂಡ್ ಬರಾದೇ ಕಷ್ಟ. ಇದು ಹೊರೀಕ್ ಹೋಗಾಕೇ ಒಲ್ದು.”

ಸಾಹೇಬರು ಮೇಜಿನ ಮೇಲಿಂದಲೇ ಗೌಡರನ್ನು ದುರುಗುಟ್ಟಿ ನೋಡಿದರು. ಎರಡನೇ ಮೇಷ್ಟ್ರ ಆಸೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅಂತೂ ಬಾಲ ತಿರುಚಿ ಹಸುವನ್ನು ಹೊರಗೆ ಹೊರಡಿಸಿದರು. ಸಾಹೇಬರು ಇಳಿದು, ಕೋಟು ಕೊಡವಿಕೊಂಡು, ಜನರೆದುರು ಬರಿಗೈಯಲ್ಲಿ ನಿಂತರು. ಆಮೇಲೆ, “ಈ ಶಾಲೆಗೆ ಎರಡನೇ ಮೇಷ್ಟ್ರನ್ನು ಕೊಟ್ಟಿದ್ದೇನೆ. ಮಿಕ್ಕಿದ್ದೆಲ್ಲ ಆ ಕಾಗದದಲ್ಲಿತ್ತು,” ಎಂದು ಹೇಳಿ ಕೂತುಬಿಟ್ಟರು. ಅಂಥ ಚಪ್ಪಾಳೆ ನನ್ನ ಸರ್ವೀಸಿನಲ್ಲೇ ಕೇಳಿರಲಿಲ್ಲ.

ಗೌಡರು ವಂದನೆ ಹೇಳಲು ಎದ್ದರು. “ಸಾಹೇಬ್ರು ಮನಸ್ಸಿಗೆ ತಕೋಬಾರ್ದು. ಆ ಕಾಗದದಾಗಿದ್ದುದ್ನ, ಸಂಜೆ ಹಸ ಮೆಲುಕು ಹಾಕುವಾಗ ನಾವೆಲ್ಲ ಸುತ್ತ ಕೂತ್ಕಂಡು ಕೇಳ್ಕತೀವಿ.”