ಯಾವ ಮರಿ ಅಂತ ಬರೆಯಲಿಲ್ಲ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನ್ನದು ಕೇಳುವ ಚಟ. ಫೋನಿನಲ್ಲಿ ಮೂರು ಬಳಗ ಸೇರಿಕೊಂಡಿದ್ದೇನೆ. ಓದುವವರದೊಂದು, ನಾಯಿ ಸಾಕುವವರದೊಂದು, ಕೈತೋಟದವರದೊಂದು. ಏನೇ ಅನುಮಾನ ಬಂದರೂ ಮೂರೂ ಕಡೆ ಹಾಕಿಬಿಡುತ್ತೇನೆ. ಉತ್ತರ ಬೇಕೆಂದಲ್ಲ, ಮೈಸೂರಿನವರು ಏನನ್ನುತ್ತಾರೆ, ಅದಕ್ಕೆ ಕಾರವಾರದವರು ಏನು ಕೊಂಕು ತೆಗೆಯುತ್ತಾರೆ ಎಂಬ ಕುತೂಹಲ. ಒಮ್ಮೆ ಕಮಲಾಪುರಕ್ಕೆ ಯಾವ ಬಸ್ಸು ಹತ್ತಲಿ ಎಂದು ಕಲಬುರಗಿಯ ಬಸ್ ನಿಲ್ದಾಣದಲ್ಲೇ ನಿಂತು ಕೇಳಿದ್ದೆ. ಉತ್ತರಗಳನ್ನು ಓದಿ ಮುಗಿಸುವಷ್ಟರಲ್ಲಿ ಮೂರು ಬಸ್ಸು ಹೋಗಿದ್ದವು. ಓದು ಶುರು ಮಾಡಲು ಯಾವ ಪುಸ್ತಕ ಹಿಡಿಯಲಿ ಎಂದಂತೂ ಎರಡು ವರ್ಷದಿಂದ ಕೇಳುತ್ತಿದ್ದೇನೆ. ಮನೆಗೆ ಬಂದ ನೆಂಟರನ್ನೂ ಬಿಟ್ಟಿಲ್ಲ. ಬಂದ ಪಟ್ಟಿಗಳನ್ನು ಓದುವುದಕ್ಕೇ ಪುರಸೊತ್ತಿಲ್ಲ, ಪುಸ್ತಕ ಇನ್ನೂ ಹಿಡಿದಿಲ್ಲ.

ಕಲಬುರಗಿಯ ಶರಣಸಿರಸಗಿ ಕಡೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಹೋದ ವರ್ಷ ಕಮಲಾಪುರದ ನನ್ನ ಅಕ್ಕ ಅಂಗಳಕ್ಕೆಂದು ಒಂದು ಕೆಂಪು ಬಾಳೆ ಕೊಟ್ಟಳು. ನನಗೆ ಅಕ್ಷರ ಕಲಿಸಿದವಳೂ ಅವಳೇ. ಪಾಟಿಯ ಮೇಲೆ ತಿದ್ದಿಸುವಾಗ ಅವಳು ಹಿಂಡಿದ ಕಿವಿ ಈಗಲೂ ಚಳಿಗಾಲದಲ್ಲಿ ನೋಯುತ್ತದೆ. ಈಚೆಗೆ ಅವಳೂ ಫೋನ್ ಹಿಡಿದು ಒಂದೇ ಬೆರಳಿನಲ್ಲಿ ಏನೋ ಒತ್ತುತ್ತ ಕೂತಿರುತ್ತಾಳೆ. ವಚನ ಗಿಚನ ಕಳಿಸುತ್ತಿರಬೇಕು ಎಂದುಕೊಂಡಿದ್ದೆ. ಆ ಬಾಳೆಯ ನೆರಳಲ್ಲಿ ಬೀದಿನಾಯಿಯೊಂದು ಬಂದು ಐದು ಮರಿ ಹಾಕಿತು. ದಿನಾ ಅದಕ್ಕೆ ಹಾಲು ರೊಟ್ಟಿ ಕಲಸಿ ಇಡುವವಳು ನನ್ನ ಹೆಂಡತಿಯೇ. ಐದನ್ನೂ ಇಟ್ಟುಕೊಳ್ಳಲು ಇದೇನು ಛತ್ರವೇ ಎಂದು ಗದರಿದವಳೂ ಅವಳೇ. ನಾನು ಎಂದಿನಂತೆ ಫೋನ್ ತೆಗೆದು ಮೂರೂ ಕಡೆ ಬರೆದೆ: 'ನಮ್ಮ ಅಂಗಳದಲ್ಲಿ ತಾಯಿಯ ಸುತ್ತ ಐದು ಮರಿಗಳಾಗಿವೆ. ಜಾಗ ಸಾಲದು. ಏನು ಮಾಡಲಿ?'

ಓದುವ ಬಳಗದವರು ತಾಯ್ತನದ ಮೇಲೆ ನಾಲ್ಕು ಕಾದಂಬರಿ ಸೂಚಿಸಿದರು. ನಾಯಿ ಬಳಗದವರು ಎರಡು ತಿಂಗಳು ತಾಯಿಯಿಂದ ಅಗಲಿಸಬೇಡಿ, ಆಮೇಲೆ ಒಳ್ಳೆಯ ಮನೆ ಹುಡುಕಿ ಎಂದರು. ಕೈತೋಟದ ಬಳಗದಲ್ಲಿ 'ದಾಸವಾಳ' ಎಂಬ ಹೆಸರಿನವರೊಬ್ಬರು ಬರೆದದ್ದನ್ನು ಓದಿ ನನ್ನ ಎದೆ ಧಸಕ್ಕೆಂದಿತು: 'ಒಂದೇ ಮರಿ ಉಳಿಸ್ರಿ. ಉಳಿದ ನಾಲ್ಕೂ ಕುಡುಗೋಲಿಲೆ ಬುಡಕ್ಕ ಕಡೀರಿ. ತಾಯಿಗಿ ಬಲ ಬರ್ತದ. ಮತ್ತ ಎದ್ದರ ನೆತ್ತಿ ಮ್ಯಾಲ ಚಿಮಣಿ ಎಣ್ಣಿ ಹನಿಸ್ರಿ.'

ಮಾತು ನೋಡಿದರೆ ನಮ್ಮ ಕಡೆಯವರೇ. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು. 'ನಿಮಗೆ ಹ್ರುದಯ ಇಲ್ಲವೇ? ನೀವು ಮನುಷ್ಯರೋ ಕಟುಕರೋ?' ಎಂದು ಬರೆದೆ. ಬಳಗದಲ್ಲಿ ನನ್ನ ಹೆಸರು 'ಹಸಿರೆಲೆ', ಹಾಗಾಗಿ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಸಾಲದ್ದಕ್ಕೆ ನಾಯಿ ಬಳಗದವರಿಗೂ ತೋರಿಸಿದೆ. ಅವರು ದಂಡೆತ್ತಿ ಬಂದು ಉಗಿದರು. ಸಂಜೆಯೊಳಗೆ ದಾಸವಾಳದವರು ಬಳಗವನ್ನೇ ಬಿಟ್ಟರು. ಗೆದ್ದ ಸಂತೋಷಕ್ಕೆ ನಾನು ಒಂದು ರೊಟ್ಟಿ ಹೆಚ್ಚೇ ಉಂಡೆ.

ಮರುದಿನ ಅದೇ ಕೈತೋಟದ ಬಳಗದಲ್ಲಿ ಶಿರಸಿಯವರೊಬ್ಬರು ಬಹಳ ವಿನಯದಿಂದ ಕೇಳಿದ್ದರು: 'ಆ ಮರಿಗಳು ಕೆಂಪು ಬಾಳೆಯವೋ, ಏಲಕ್ಕಿ ಬಾಳೆಯವೋ? ಒಂದು ನನಗೂ ಬೇಕಿತ್ತು.'

ಅಯ್ಯೋ ಶಿವನೇ! ಬಾಳೆಯ ಬುಡದಲ್ಲಿ ಏಳುವ ಕಂದಿಗೂ ಮರಿ ಎನ್ನುತ್ತಾರೆ. ಕಮಲಾಪುರದಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಕ್ಷಮೆ ಕೇಳೋಣವೆಂದರೆ ದಾಸವಾಳದವರೇ ಬಳಗದಲ್ಲಿಲ್ಲ. ಯಾರವರು ಎಂದು ವಿಚಾರಿಸಿದರೆ ಯಾರಿಗೂ ಗೊತ್ತಿಲ್ಲ. ಆದರೆ ಒಬ್ಬರ ಒಣಗಿದ ಮಲ್ಲಿಗೆ, ಇನ್ನೊಬ್ಬರ ಕಾಯಿ ಕಚ್ಚದ ನಿಂಬೆ, ಎಲ್ಲ ಉಳಿದದ್ದು ಅವರ ಮಾತಿನಿಂದಲೇ ಅಂತೆ. ಅವರಿಲ್ಲದೆ ಬಳಗ ಬಿಕೋ ಎನ್ನುತ್ತಿದೆ ಎಂದರು. ನನಗೆ ನಿಜಕ್ಕೂ ಸಂಕಟವಾಯಿತು.

ಮರಿಗಳಿಗೆ ಎರಡು ತಿಂಗಳು ತುಂಬಿದ ಮೇಲೆ ಒಂದನ್ನು ಚೀಲದಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕ ಮರಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವಳ ಫೋನ್ ಕಿಟಕಿಯಲ್ಲಿ ಮಕಾಡೆ ಮಲಗಿತ್ತು. ಯಾಕೆ ಎಂದು ಕೇಳಿದೆ. ಗಿಡದ ಬಳಗದಲ್ಲಿ ಯಾರೋ ಒಬ್ಬಾತ ತನ್ನನ್ನು ಕಟುಕಿ ಅಂದನೆಂದೂ, ಅಂದಿನಿಂದ ಅದನ್ನು ಮುಟ್ಟಿಲ್ಲವೆಂದೂ ಹೇಳಿದಳು. ಅಷ್ಟರಲ್ಲಿ ಬಾಗಿಲ ಪಕ್ಕದ ದಾಸವಾಳದ ಗಿಡ ನನ್ನ ಕಣ್ಣಿಗೆ ಬಿತ್ತು. ಹಿರಿಯರಲ್ಲಿ ಕ್ಷಮೆ ಕೇಳುವುದು ಹೇಗೆ ಎಂದು ಕೇಳಲು ಕೈ ತಾನೇ ಕಿಸೆಯ ಫೋನಿಗೆ ಹೋಯಿತು.

"ಯಾರಿಗಿ ಕೇಳ್ತಿ ತಮ್ಮಾ?" ಅಂದಳು ಅಕ್ಕ. "ನಾ ಎದುರಿಗೇ ಕುಂತೀನಲ್ಲ."

"ಅಕ್ಕಾ, ಅದು ನಾನೇ."

"ಗೊತ್ತದ. 'ಹ'ಕ್ಕ ವಟ್ರಸುಳಿ ಹಚ್ಚು, ಹೃದಯ ಆಗ್ತದ ಅಂತ ಎಷ್ಟು ಸಲ ತಿದ್ದಿಸಿದ್ದೆ. ನೀ ಇನ್ನೂ ಹ್ರುದಯ ಅಂತನೇ ಬರೀತಿ."

ಬೈದದ್ದಕ್ಕೆ ಬಳಗ ಬಿಟ್ಟೆಯಾ ಎಂದು ಕೇಳಿದೆ.

"ಬೈದದ್ದಕ್ಕ ಯಾರು ಬಿಡ್ತಾರ? ಹಿಂಗ ಬರಿಯಾಂವ ನನ್ನ ತಮ್ಮ ಅಂತ ಗೊತ್ತಾದರ, ಮಂದಿ ಮುಂದ ಮಾರಿ ಹ್ಯಾಂಗ ತೋರಿಸ್ಲಿ?"

ಅವಳ ಎದುರಿಗೇ ಕೂತು ಬಳಗಕ್ಕೆ ತಪ್ಪೊಪ್ಪಿಗೆ ಬರೆದೆ. ಕನ್ನಡಕ ಏರಿಸಿ ಎರಡು ಸಲ ತಿದ್ದಿದ ಮೇಲೆಯೇ ಕಳಿಸಲು ಬಿಟ್ಟಳು. ಎಲ್ಲರೂ ಕರೆದರು, ಅವಳು ಮರಳಿ ಸೇರಿದಳು. ನಾನು ಹೊರಡುವಾಗ ಮರಿ ತಂದ ಚೀಲವನ್ನು ಬರಿದಾಗಿ ಕಳಿಸಬಾರದೆಂದು ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಾಕಿ, ಅದರ ಮೇಲೆ ಮೊಮ್ಮಗಳ ಹಳೆಯ ಅಂಕಲಿಪಿಯನ್ನೂ ಇಟ್ಟಳು. "ಯಾವ ಪುಸ್ತಕ ಹಿಡೀಲಿ ಅಂತ ಎರಡು ವರ್ಷದಿಂದ ಕೇಳಾಕತ್ತಿಯಲ್ಲ, ಇದನ್ನ ಹಿಡಿ."

ಕೊನೆಗೂ ಓದು ಶುರು ಮಾಡಿದ್ದೇನೆ ಎಂದು ಓದುವ ಬಳಗಕ್ಕೆ ತಿಳಿಸಿದೆ. ಎಲ್ಲರೂ ಅಭಿನಂದಿಸಿ, ಎಲ್ಲಿಯವರೆಗೆ ಬಂತು ಎಂದು ಕೇಳಿದ್ದಾರೆ. 'ಹ' ಇನ್ನೂ ದೂರವಿದೆ.