ವಿಭೂತಿ ಒಲ್ಲದ ಕಾರು

ಏನಾಗಿರಬಹುದು, ಹೇಳಿ ನೋಡೋಣ? ಹೊಸ ಕಾರು. ಎಲ್ಲೂ ಗುದ್ದಿಲ್ಲ, ಒಂದು ಗೀರಿಲ್ಲ. ಎಮ್ಮಿಗನೂರಿನಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. ಆದರೂ ನನ್ನ ಹೆಂಡತಿ ರೇಷ್ಮೆ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತುಬಿಟ್ಟಳು: "ನಾ ಈ ಗಾಡಿ ಹತ್ತಂಗಿಲ್ಲ!" ಗೊತ್ತಾಗಲಿಲ್ಲವೇ? ಬಿಡಿ. ನಮ್ಮ ಆದೋನಿಯ ಓಣಿಯಲ್ಲಿ ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಮೊದಲಿನಿಂದಲೇ ಹೇಳುತ್ತೇನೆ.

ಒಂದು ಚೆಂಬು ನೀರು

ಕಾರಿನ ಬಣ್ಣದ ಮೇಲೆ ಗಾಜಿನಂಥ ನುಣುಪು ಪದರ ಕೂರಿಸುವ ಸೆರಾಮಿಕ್ ಕೋಟಿಂಗ್ ಮಾಡಿಸಿದೆ. ಮಾಡಿದಾತ ತೆಲುಗು ಬೆರೆಸಿ, "ಏದೀ ಅಂಟುಕೋದು ಸಾರ್! ಏನಂದ್ರ ಏನೂ ಅಂಟಂಗಿಲ್ಲ" ಎಂದ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನು, ಸುಮ್ಮನಿರುತ್ತೇನೆಯೇ? ಪಕ್ಕದ ಮನೆಯ ಹತ್ತಿ ವ್ಯಾಪಾರಿಯನ್ನು ಕರೆದು ಬಾನೆಟ್ಟಿನ ಮೇಲೆ ಒಂದು ಚೆಂಬು ನೀರು ಸುರಿದೆ. ಮುತ್ತಿನಂತೆ ಉರುಳಿ ಹೋಯಿತು, ಒಂದು ಹನಿ ನಿಲ್ಲಲಿಲ್ಲ. ಅವರು ಬಾಯಿ ಬಿಟ್ಟುಕೊಂಡು ನೋಡಿ, "ಅಲ್ರೀ ಸಾರ, ಇಷ್ಟು ರೊಕ್ಕ ಹಾಕಿ ಗಾಡೀನ ತಾವರಿ ಎಲಿ ಮಾಡಿದ್ರೇನು?" ಎಂದರು.

ಗಾಡಿಗೆ ಮುಪ್ಪು

"ನಮ್ಮದು ಹಳೇ ಪದ್ಧತಿ" ಎಂದು ಅವರು ತಮ್ಮ ಕಪ್ಪು ಕಾರಿಗೆ ಹೊಳಪು ಕೊಡುವ ಮೇಣ, ವ್ಯಾಕ್ಸ್, ಡಬ್ಬಿಗಟ್ಟಲೆ ಬಳಿದರು. ಬಳಿದ ಮೇಲೆ ಒರೆಸಬೇಕು ಎಂದೆ. "ರೊಕ್ಕ ಕೊಟ್ಟು ತಂದಿದ್ದು ಯಾಕ ಒರಸಬೇಕ್ರೀ?" ಹಾಗೇ ಹತ್ತಿ ಮಾರುಕಟ್ಟೆಗೆ ಹೋಗಿಬಂದರು. ಕಾರಿನ ಮೈತುಂಬ ಹತ್ತಿಯ ಬಿಳಿ ಎಳೆ! ಅವರ ಮನೆಯಾಕೆ ಬಾಗಿಲಲ್ಲೇ ಚೀರಿದರು: "ಅಯ್ಯೋ ಶಿವನ! ಮುಂಜಾನಿ ಹೋಗಾಗ ಚೊಲೋ ಇತ್ತಲ್ರೀ, ಸಂಜಿಗೆ ಗಡ್ಡ ನೆರತು ಬಂತಲ್ಲ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗುವಿನ ಆಯುಷ್ಯ ಒಂದೇ ರಾತ್ರಿ.

ಶಿವ ಜಾರಿದ

ಬೆಳಿಗ್ಗೆ ಪೂಜೆಗೆ ಬಂದ ಅಯ್ಯನವರು ವಿಭೂತಿಯನ್ನು ನೀರಲ್ಲಿ ತೆಳ್ಳಗೆ ಕಲಸಿ, ನನ್ನ ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದರು. ವಿಭೂತಿ ಹನಿಹನಿಯಾಗಿ ಉರುಳಿ ನೆಲಕ್ಕೆ ಬಿತ್ತು. ಮತ್ತೆ ಎಳೆದರು, ಮತ್ತೆ ಉರುಳಿತು. ಅಯ್ಯನವರು ಕೈ ನೋಡಿಕೊಂಡರು, ಕಾರು ನೋಡಿದರು, "ಇಂಥದ್ದು ನಾ ಕಂಡಿಲ್ರೀ" ಎಂದು ಎರಡು ಹೆಜ್ಜೆ ಹಿಂದೆ ಸರಿದರು.

"ಶಿವನೇ ಒಲ್ಲೆ ಅಂದ ಗಾಡ್ಯಾಗ ಕೂಸಿನ ಕಾರ್ಯಕ್ಕ ಹೋಗಬೇಕಾ?" ಹೆಂಡತಿ ಕಟ್ಟೆ ಹಿಡಿದಳು. ನಾನು ಮೇಲ್ಮೈ ಸೆಳೆತದ ವಿಷಯ ಶುರು ಮಾಡಿದೆ. "ನಿಮ್ಮ ಪಾಠ ಕಾಲೇಜಿನಾಗ ಮುಗದೈತಿ, ಸುಮ್ನಿರ್ರಿ!"

ಅತ್ತ ಪಕ್ಕದವರ ಒರೆಸದ ವ್ಯಾಕ್ಸಿನ ಮೇಲೆ ಅಯ್ಯನವರು ಮೊದಲೇ ಎಳೆದಿದ್ದ ವಿಭೂತಿ ಗೋಡೆಗೆ ಸುಣ್ಣ ಹಿಡಿದಂತೆ ಹಿಡಿದಿತ್ತು. "ಬರ್ರಿ ಅಕ್ಕಾರ, ನಮ್ಮ ಗಾಡಿ ಹತ್ತಿನೂ ಹಿಡದೈತಿ, ಶಿವನ್ನೂ ಹಿಡದೈತಿ!" ಎಂದು ಅವರು ಕರೆದರು. ಹೆಂಡತಿ ಎದ್ದೇಬಿಟ್ಟಳು! ಹೊಸ ಕಾರಿದ್ದೂ ಬೀಗರ ಮುಂದೆ ನಾನೊಬ್ಬನೇ ಇಳಿಯುವುದೇ?

"ಏನಾರ ಮಾಡ್ರೀ ಅಯ್ಯನೋರ" ಎಂದು ತಲೆ ಬಾಗಿಸಿದೆ. ಬಾಗಿಸಿದ್ದೇ ತಪ್ಪಾಯಿತು. ಅವರ ಕಣ್ಣು ನನ್ನ ಬೋಳುತಲೆಯ ಮೇಲೆ ಬಿತ್ತು. "ಯಜಮಾನಗ ಹಚ್ಚಿದ್ರ ಗಾಡಿಗೆ ಹಚ್ಚಿದಂಗ" ಎಂದವರೇ ಹಣೆಯಿಂದ ನೆತ್ತಿಯವರೆಗೆ ಅಡ್ಡಡ್ಡ ಬಳಿದರು. ಹೆಂಡತಿ ಬೆರಳಿಂದ ತಿಕ್ಕಿ ಪರೀಕ್ಷೆ ಮಾಡಿದಳು. "ಹಿಡದೈತಿ. ಇಲ್ಲಿ ಕೋಟಿಂಗ್ ಇಲ್ಲ" ಎಂದು ಕಾರು ಹತ್ತಿ ಕೂತಳು.

ದಾರಿಯುದ್ದಕ್ಕೂ ಲಾರಿ, ಟ್ರ್ಯಾಕ್ಟರ್, ಆಟೋ, ಎಲ್ಲವೂ ವಿಭೂತಿ ಬಳಿದುಕೊಂಡು ಎದುರು ಬಂದವು. ನಮ್ಮ ಕಾರೊಂದೇ ಫಳಫಳ, ಪೂಜೆ ಮಾಡಿಸಿಕೊಂಡು ಕೂತವನು ನಾನು. ಅವತ್ತು ಆಯುಧಪೂಜೆ!